ಬೊಳ್ಳಮ್ಮನ ಪಾಲಿನ ಇರುವೆ ಸಾಲು

ಮಾದಾಪುರದ ಬೊಳ್ಳಮ್ಮನ ಕಾಫಿ ತೋಟದಲ್ಲಿ, ಕಿತ್ತಳೆ ಮರದ ಪಕ್ಕದ ಒಂದು ಸಾಲಿಗೆ ಕೆಲಸದವರು ಇಳಿಯುತ್ತಿರಲಿಲ್ಲ. ಎಲೆಗಳನ್ನು ಹೊಲಿದು ಗೂಡು ಕಟ್ಟುವ ಚಗಳಿ ಇರುವೆ ಅಲ್ಲಿ ತುಂಬಿತ್ತು. ಗಿಡ ಮುಟ್ಟಿದರೆ ಸಾಕು, ಕುತ್ತಿಗೆಯವರೆಗೆ ಹತ್ತಿ ಕಚ್ಚುತ್ತಿತ್ತು. ಹಾಗಾಗಿ ಆ ಸಾಲು ಪ್ರತಿ ವರ್ಷ ಬೊಳ್ಳಮ್ಮನ ಪಾಲು. ಹಣ್ಣು ಕುಯ್ಯುವ ಪಿಕ್ಕಿಂಗಿನವರ ಜೀಪು ಬರುವ ಮೊದಲು, ಚಳಿಗೆ ಇರುವೆಗಳು ಗೂಡಿನಲ್ಲಿ ಮುದುಡಿರುವಾಗ, ಅವರು ಒಬ್ಬರೇ ಹೋಗಿ ಕುಯ್ಯುತ್ತಿದ್ದರು. ಆಮೇಲೆ ಮೈ ಕೊಡವಿಕೊಂಡು ಬಂದು ತಿಂಡಿ ಮಾಡಬೇಕು.

ಈ ವರ್ಷ ಅವರ ಬಲಗೈ ಭುಜದಿಂದ ಮೇಲೆ ಏಳಲಿಲ್ಲ. ಸಾಲಿನ ಹಣ್ಣು ಒಣಗಿ ಉದುರತೊಡಗಿತು.

"ಇರುವೆ ಪುಡಿ ಹಾಕಿ ಮುಗಿಸುವ," ಎಂದರು ಗಂಡ ಬೋಜಪ್ಪ. "ಎಷ್ಟು ವರ್ಷ ಸಾಕುವುದು? ರೇಷನ್ ಕಾರ್ಡಿಗೂ ಸೇರಿಸಿದ್ದೀಯಾ ಇವನ್ನು?"

"ತೋಟದ ಮೇಲಿನ ತುಂಡಿಗೆ ಪುಡಿ ಹಾಕಿದಿರಲ್ಲ, ಆಮೇಲೆ ಕಂಬಳಿಹುಳ ಬಂದದ್ದು ಮರೆತುಹೋಯಿತಾ? ಇವು ಇರುವ ಕಡೆ ಒಂದು ಹುಳ ಇಲ್ಲ."

ಬೋಜಪ್ಪನ ಕೈ ತಾನಾಗಿ ಬೆನ್ನಿಗೆ ಹೋಯಿತು. ಆ ಹುಳದ ರೋಮ ತಾಗಿ ವಾರವಿಡೀ ಬೆನ್ನು ಕೆರೆದುಕೊಂಡದ್ದು ಅವರೇ.

ಪಿಕ್ಕಿಂಗಿಗೆಂದು ಜೀಪಿನಿಂದ ಇಳಿದ ಲಿಂಗಿಯನ್ನು ಬೊಳ್ಳಮ್ಮ ಕೇಳಿದರು. "ನಾಳೆ ಬೇಗ ಬರ್ತೀಯಾ? ಇರುವೆ ಏಳುವ ಮೊದಲು ಆ ಸಾಲು ಕುಯ್ಯಬೇಕು."

"ನಾನು ಬರ್ತೇನಮ್ಮ, ಜೀಪು ಬರಬೇಕಲ್ಲ! ಗೂಡು ತೆಗೆದು ಕೊಡಿ, ಇವತ್ತೇ ಕುಯ್ತೇನೆ."

ಹಣ್ಣು ಇನ್ನು ಕಾಯುವುದಿಲ್ಲ. ಪುಡಿ ಬೇಡ, ಕಾಫಿ ಗಿಡದ ಗೂಡು ಮಾತ್ರ ತೆಗೆಯಿರಿ, ಕಿತ್ತಳೆ ಮರದ್ದು ಇರಲಿ ಎಂದು ಬೊಳ್ಳಮ್ಮ ಗಂಡನಿಗೆ ಹೇಳಿದರು. ಬೋಜಪ್ಪ ಗೂಡುಗಳನ್ನು ಕತ್ತರಿಸಿ ಬಿಸಿನೀರಿನ ಬಕೆಟ್ಟಿಗೆ ಹಾಕಿದರು.

ಒಂದು ಗೂಡನ್ನು ಬಿಡಿಸಿದಾಗ ಹುಳದ ಒಣ ಚೂರುಗಳು ಕಂಡವು. ಅದೇ ಎಲೆಯ ನರದುದ್ದಕ್ಕೂ ಹಸಿರು ಹೇನು ಎಂಬ ಪುಟ್ಟ ಕೀಟ ಅಂಟಿಕೊಂಡಿತ್ತು. ಅದು ಗಿಡದ ರಸ ಹೀರುತ್ತದೆ. ಅದು ಸುರಿಸುವ ಸಿಹಿ ನೀರಿನ ಆಸೆಗೆ ಇರುವೆ ಅದನ್ನು ಕಾಯುತ್ತದೆ. ಸಿಹಿ ಬಿದ್ದ ಎಲೆಗಳೆಲ್ಲ ಮಸಿ ಹಿಡಿದಿದ್ದವು. ಮುಂಜಾನೆಯ ಮಬ್ಬಿನಲ್ಲಿ ಕುಯ್ಯುತ್ತಿದ್ದ ಬೊಳ್ಳಮ್ಮ ಇದನ್ನು ಗಮನಿಸಿರಲಿಲ್ಲ.

"ನೋಡು, ನಿನ್ನ ಕಾವಲುಗಾರರು ಕಳ್ಳರನ್ನೂ ಸಾಕಿದ್ದಾರೆ," ಎಂದರು ಬೋಜಪ್ಪ.

"ಹುಳವನ್ನೂ ತಿಂದಿವೆಯಲ್ಲ," ಎಂದರು ಬೊಳ್ಳಮ್ಮ. ವಾದ ಮಾಡುವ ದನಿ ಅದಾಗಿರಲಿಲ್ಲ.

"ಅಯ್ಯೋ ಅಮ್ಮಾ, ಎಲ್ಲ ಸತ್ತಿಲ್ಲ! ನನ್ನ ರವಿಕೆಯೊಳಗೇ ಹೋಯಿತು!" ಲಿಂಗಿ ಕುಣಿದಳು, ಬೈದಳು, ಕುಯ್ಯುವುದನ್ನು ಮಾತ್ರ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸಾಲು ಮುಗಿಯಿತು.

ಬೊಳ್ಳಮ್ಮ ನೆಲದ ಹಣ್ಣನ್ನು ಎಡಗೈಯಲ್ಲಿ ಹೆಕ್ಕುತ್ತಿದ್ದರು. ಕಿತ್ತಳೆ ಮರದಿಂದ ಒಂದೆರಡು ಇರುವೆ ಆಗಲೇ ಕಾಫಿ ಗಿಡದ ಕಡೆಗೆ ಇಳಿಯುತ್ತಿದ್ದವು. ಓಡಿಸಬೇಕೋ ಬಿಡಬೇಕೋ ಎಂದು ಯೋಚಿಸಲು ಅವರಿಗೆ ಶಕ್ತಿ ಇರಲಿಲ್ಲ. ಸಾಲು ಮುಗಿದಿದೆ, ನಾಳೆ ಚಳಿಯಲ್ಲಿ ಏಳಬೇಕಾಗಿಲ್ಲ ಎಂಬುದು ನೆನಪಾಗಿ, ಅವರು ಗಿಡದ ಬುಡದಲ್ಲೇ ಕೂತುಬಿಟ್ಟರು.