ವಾಲಿದ ದೋಣಿ ತಾನೇ ಏಳುತ್ತದೆ

ನೀರಿಗೆ ಬಿದ್ದವನು ಹಿಂದೆ ಉಳಿಯಬೇಕು. ದೋಣಿ ಮುಂದೆ ಹೋಗುತ್ತದೆ, ತಲೆ ಸಣ್ಣದಾಗುತ್ತಾ ದೂರವಾಗುತ್ತದೆ. ನಾವು ತಿರುಗಿ ಬಂದು ಎತ್ತಿಕೊಳ್ಳುತ್ತೇವೆ. ನನಗೆ ಕಲಿಸಿದ್ದು ಇಷ್ಟು. ಆದರೆ ಆ ಭಾನುವಾರ ನನ್ನ ಗೆಳೆಯನ ತಲೆ ಹಿಂದೆ ಉಳಿಯಲಿಲ್ಲ. ನಮ್ಮ ಪಕ್ಕದಲ್ಲೇ, ನಮ್ಮಷ್ಟೇ ವೇಗವಾಗಿ ಬರುತ್ತಿತ್ತು. ಈಗಲೂ ಜೋಗುಪಾಳ್ಯದ ಮನೆಯಿಂದ ಕೆರೆಯ ಕಡೆ ನಡೆಯುವಾಗ ಕಣ್ಣ ಮುಂದೆ ಬರುವುದು ಅದೇ.

ಅಂದು ನನ್ನ ಪರೀಕ್ಷೆ. ಹಲಸೂರು ಕೆರೆಯಲ್ಲಿ ನಮ್ಮ ಪುಟ್ಟ ಹಾಯಿದೋಣಿ ಕ್ಲಬ್ಬಿಗೆ ಇರುವುದು ಒಂದೇ ಕೀಲ್‌ಬೋಟ್. ಅದರ ಹೊಟ್ಟೆಯ ಕೆಳಗೆ ಸೀಸ ತುಂಬಿದ ಭಾರವಾದ ರೆಕ್ಕೆಯೊಂದಿದೆ. ಹೂಳು ತೆಗೆದ ಭಾಗ ಬಿಟ್ಟು ಆಚೆ ಹೋದರೆ ಅದು ಕೆಸರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಅದನ್ನು ನಡೆಸುವವರಿಗೆ ಬೇರೆಯೇ ಪರೀಕ್ಷೆ. ಪಾಸಾದರೆ ಸ್ಕಿಪ್ಪರ್; ಯಾರನ್ನೂ ಕೇಳದೆ ಜನರನ್ನು ಕೂರಿಸಿಕೊಂಡು ಹೊರಡಬಹುದು. ಆಫೀಸಿನಲ್ಲಿ ನಾನು ಆಡುವ ಪ್ರತಿ ಮಾತಿಗೂ ಮೇಲಿನವರ ಒಪ್ಪಿಗೆ ಬೇಕು. ನನ್ನ ಮಾತೇ ಕೊನೆಯ ಮಾತಾಗುವ ಒಂದು ಜಾಗ ನನಗೆ ಬೇಕಿತ್ತು.

ಪರೀಕ್ಷಕರು ಬೆನ್ಸನ್ ಟೌನಿನವರು, ಸರಕು ಹಡಗುಗಳಲ್ಲಿ ದುಡಿದು ನಿವೃತ್ತರಾದವರು. ಹತ್ತುವಾಗಲೇ ಅವರು, “ನಾನಿಲ್ಲಿ ಮೂಟೆ ಥರ ಕೂತಿರ್ತೀನಿ ಮಾ. ಬೋಟ್ ನಿಮ್ದು,” ಎಂದಿದ್ದರು. ಮುಂದಿನ ಹಾಯಿಯ ಹಗ್ಗ ಹಿಡಿಯಲು ಆ ಗೆಳೆಯನನ್ನೇ, ಧಾರವಾಡದ ನನ್ನ ಸಹೋದ್ಯೋಗಿಯನ್ನು, ಕರೆದುಕೊಂಡಿದ್ದೆ. ಸಣ್ಣ ದೋಣಿಗಳಲ್ಲಿ ಅವನನ್ನು ಮೀರಿಸುವವರು ನಮ್ಮಲ್ಲಿಲ್ಲ.

ಸಣ್ಣ ದೋಣಿಗೆ ಭಾರದ ರೆಕ್ಕೆಯಿಲ್ಲ, ಹೊಟ್ಟೆಯ ಕೆಳಗೆ ಒಂದು ಮರದ ಹಲಗೆ ಮಾತ್ರ. ಗಾಳಿ ಜೋರಾದರೆ ಅದು ಪಕ್ಕಕ್ಕೆ ಮಗುಚಿಕೊಳ್ಳುತ್ತದೆ. ಹಾಗಾಗಿ ಕ್ಲಬ್ಬಿನ ಮೊದಲ ಪಾಠವೇ ಮಗುಚುವುದು. ದೋಣಿ ವಾಲಿದ ಕೂಡಲೇ ಮೇಲೆದ್ದ ಅಂಚನ್ನು ದಾಟಿ ಆಚೆ ಹಾರಬೇಕು, ಹೊರಗೆ ಚಾಚಿದ ಹಲಗೆಯ ಮೇಲೆ ನಿಂತು ದೋಣಿಯನ್ನು ಮತ್ತೆ ಎಬ್ಬಿಸಬೇಕು. ಮೈ ಒದ್ದೆಯಾಗದೆ ಹಾಗೆ ದಾಟಿದವರಿಗೆ ಉಳಿದವರು ಬೆಣ್ಣೆ ಬನ್ ಕೊಡಿಸುವುದು ನಮ್ಮಲ್ಲಿ ರೂಢಿ. ಆ ಬನ್ನುಗಳಲ್ಲಿ ಹೆಚ್ಚಿನವು ಅವನ ಹೊಟ್ಟೆಗೇ ಹೋಗಿವೆ.

ಪರೀಕ್ಷೆ ಚೆನ್ನಾಗಿಯೇ ನಡೆದಿತ್ತು. ಬಿದ್ದವನ ಬದಲಿಗೆಂದು ನೀರಿಗೆಸೆದ ಬೆಂಡನ್ನು ಎರಡು ಸಲವೂ ಸುತ್ತಿ ಬಂದು ಎತ್ತಿದ್ದೆ. ಅಷ್ಟರಲ್ಲಿ ಮಳೆಗೆ ಮುಂಚಿನ ಧೂಳು ಗಾಳಿ ಕೆರೆಯ ನಡುವಿನ ದ್ವೀಪದ ಮರಗಳನ್ನು ಒಮ್ಮೆಲೇ ಬಗ್ಗಿಸಿತು. ಮರುಕ್ಷಣ ನಮ್ಮ ದೋಣಿ ಒಂದು ಕಡೆಗೆ ಪೂರ್ತಿ ವಾಲಿತು.

ಕೀಲ್‌ಬೋಟ್ ವಾಲುತ್ತದೆ, ಕೆಳಗಿನ ಭಾರ ಎಳೆದಂತೆ ತಾನೇ ಏಳುತ್ತದೆ. ಒಳಗಿದ್ದವರು ಜಾಗ ಬಿಡದೆ ಕೂತಿದ್ದರೆ ಸಾಕು. ಅವನು ಕೂರಲಿಲ್ಲ. ಎತ್ತರದ ಅಂಚಿನ ಮೇಲೆ ಕಾಲು ಹಾಕಿ, ಅಲ್ಲಿಲ್ಲದ ಹಲಗೆಯ ಮೇಲೆ ನಿಲ್ಲಲು ಆಚೆ ಇಳಿದ. ಅಷ್ಟರಲ್ಲಿ ದೋಣಿ ಎದ್ದಿತು. ಅವನು ನೀರಿಗೆ ಬಿದ್ದ.

ಸುತ್ತಿ ಬರಲು ದೋಣಿಯನ್ನು ದೂರ ಒಯ್ಯಬೇಕು. ನನ್ನ ಕೈ ಆಗಲೇ ಚುಕ್ಕಾಣಿಯನ್ನು ಅದಕ್ಕೆ ಸಿದ್ಧ ಮಾಡಿತ್ತು. ತಿರುಗಿ ನೋಡಿದೆ. ತಲೆ ಪಕ್ಕದಲ್ಲೇ ಇತ್ತು. ಮುಳುಗಿತು, ಎದ್ದಿತು, ಮತ್ತೆ ಮುಳುಗಿತು. ಲೈಫ್ ಜಾಕೆಟ್ ತೊಟ್ಟವನು ಮುಳುಗುವುದು ಹೇಗೆಂದು ತಿಳಿಯಲು ನನಗೆ ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು. ಅವನ ಕೈಯಲ್ಲಿದ್ದ ಹಗ್ಗ ಈಗ ಅವನ ಕಾಲಿಗೆ ಸುತ್ತಿಕೊಂಡಿತ್ತು. ನಾವು ಅವನನ್ನು ಕಾಲು ಹಿಡಿದು ಎಳೆದೊಯ್ಯುತ್ತಿದ್ದೆವು.

ಹಗ್ಗಗಳನ್ನೆಲ್ಲ ಬಿಟ್ಟುಬಿಟ್ಟೆ. ದೋಣಿಯ ಮೂತಿಯನ್ನು ಗಾಳಿಗೆ ಎದುರಾಗಿ ತಿರುಗಿಸಿದೆ. ಹಾಯಿಗಳು ಪಟಪಟ ಹೊಡೆದುಕೊಂಡವು, ದೋಣಿ ನಿಂತಿತು. ಎಳೆತ ಸಡಿಲವಾದ ಮೇಲೆ ಅವನೇ ಕಾಲು ಬಿಡಿಸಿಕೊಂಡು ಅಂಚನ್ನು ಹಿಡಿದ. ಪರೀಕ್ಷಕರು ಒಂದು ತೋಳು ಹಿಡಿದರು, ನಾನು ಇನ್ನೊಂದು. ದಡದ ಹಾದಿಯಲ್ಲಿ ವಾಕಿಂಗ್ ಬಂದವರು ಫೋನ್ ಎತ್ತಿ ಹಿಡಿದಿದ್ದರು.

ಅವನು ಕೆರೆಯ ನೀರನ್ನು ಕಾರಿಕೊಂಡ. ನಡುಗುತ್ತಲೇ, “ಈ ಸಲ ಬನ್ ಇಲ್ಲ ಬಿಡ್ರಿ, ಪೂರಾ ತೊಯ್ದೀನಿ,” ಎಂದ. ನಗಲು ನನ್ನಿಂದಾಗಲಿಲ್ಲ. ಚುಕ್ಕಾಣಿಯನ್ನು ನೀವೇ ಹಿಡಿಯಿರಿ ಎಂದು ಪರೀಕ್ಷಕರನ್ನು ಕೇಳಿಕೊಂಡೆ. ದಡಕ್ಕೆ ಕಟ್ಟುವವರೆಗೂ ಬೋಟ್ ನಿಮ್ಮದೇ ಎಂದು ಅವರು ಕೂತಲ್ಲೇ ಕೂತರು.

ದೋಣಿ ಕಟ್ಟಿಯಾದ ಬಳಿಕ ಪರೀಕ್ಷಕರು ಕಟ್ಟೆಯ ಮೇಲೆ ಕೂತು ಮಾತಾಡಿದರು. ದೋಣಿ ನಿಲ್ಲಿಸಿದ್ದು ಸರಿ ಎಂದರು. ಆಮೇಲೆ, ಹೊರಡುವ ಮುಂಚೆ ಅವನಿಗೆ ಏನು ಹೇಳಿದ್ದೆ ಎಂದು ಕೇಳಿದರು. ಹಗ್ಗ ಯಾವುದು, ಎಲ್ಲಿ ಕೂರಬೇಕು, ಇಷ್ಟೇ ಹೇಳಿದ್ದೆ. ದೋಣಿ ತಾನೇ ಏಳುತ್ತದೆ ಎಂದು ಹೇಳಿರಲಿಲ್ಲ.

“ಅವ್ನಿಗೆ ಗೊತ್ತಿತ್ತು ಸರ್.”

“ತಲೆಗೆ ಗೊತ್ತಿತ್ತು ಮಾ. ಕಾಲಿಗೆ ಯಾರು ಹೇಳ್ಬೇಕಿತ್ತು?”

ಪಾಸು ಎನ್ನಲಿಲ್ಲ, ಫೇಲು ಎಂದೂ ಅನ್ನಲಿಲ್ಲ. ಮುಂದಿನ ಭಾನುವಾರ ಇದೇ ಜೊತೆಗಾರನನ್ನು ಕರೆದುಕೊಂಡು ಬನ್ನಿ ಎಂದರು.

ಆ ವಾರವಿಡೀ ನಾನು ಅದನ್ನೇ ಮನಸ್ಸಿನಲ್ಲಿ ಮತ್ತೆ ಮತ್ತೆ ನಡೆಸಿ ನೋಡಿದೆ. ಮೀಟಿಂಗಿನಲ್ಲಿ, ಮೆಟ್ರೋದಲ್ಲಿ, ಹಲ್ಲುಜ್ಜುವಾಗ. ಒಮ್ಮೊಮ್ಮೆ ನಾನು ಹಗ್ಗ ಬಿಡುವುದಿಲ್ಲ. ಕಲಿತದ್ದನ್ನು ಕಲಿತಂತೆ ಮಾಡಿ, ದೋಣಿಯನ್ನು ಅಚ್ಚುಕಟ್ಟಾಗಿ ದೂರ ಒಯ್ಯುತ್ತೇನೆ. ಅವನ ತಲೆ ಮತ್ತೆ ಏಳುವುದಿಲ್ಲ. ಇನ್ನು ಯಾರನ್ನೂ ಹತ್ತಿಸಿಕೊಳ್ಳುವುದಿಲ್ಲ ಎಂದು ಗೆಳೆಯನಿಗೆ ಹೇಳಿದೆ.

“ಹಂಗಾರ ನಾ ಅಂಜಿದ್ದು ಹಂಗ ಉಳೀತದ,” ಎಂದ. “ನೀನ ಕರಕೊಂಡು ಹೋಗ್ಬೇಕು ನೋಡು.”

ಭಾನುವಾರ ಗಾಳಿ ಹದವಾಗಿತ್ತು. ದಡ ಬಿಟ್ಟ ಕೂಡಲೇ, ಬೇರೇನೂ ಮಾಡುವ ಮೊದಲು, ಅವನಿಗೆ ಹೇಳಿದೆ: “ಈಗ ಬೇಕಂತ್ಲೇ ವಾಲಿಸ್ತೀನಿ. ನೀನು ಕೂತಿರು, ಅಷ್ಟೇ.” ಹಾಯಿ ಬಿಗಿದೆ. ದೋಣಿ ವಾಲಿತು. ಅವನ ಬಲಗಾಲು ಅಂಚಿನ ಕಡೆ ಸರಿಯಿತು, ಅಲ್ಲೇ ತಡೆದು ನಿಂತಿತು. ಹಗ್ಗ ಸಡಿಲಿಸಿದೆ. ದೋಣಿ ಎದ್ದಿತು. ಇನ್ನೊಮ್ಮೆ ಮಾಡು ಎಂದ. ಮೂರನೆಯ ಸಲಕ್ಕೆ ಕಾಲು ಅಲುಗಲಿಲ್ಲ. ಮೂಟೆಯಂತೆ ಕೂತಿದ್ದ ಪರೀಕ್ಷಕರು ಅಲ್ಲಿಯೇ, “ಸಾಕು ಮಾ, ಸ್ಕಿಪ್ಪರ್,” ಎಂದರು.

ಈಗ ದೋಣಿ ನನ್ನದೇ ಮಾತಿನಂತೆ ಹೊರಡುತ್ತದೆ. ಯಾರು ಹತ್ತಿದರೂ ಮೊದಲು ಒಮ್ಮೆ ವಾಲಿಸುತ್ತೇನೆ. ಎಲ್ಲರೂ ಹಾಯಿಯನ್ನು ನೋಡುತ್ತಾರೆ. ನಾನು ಅವರ ಕಾಲುಗಳನ್ನು ನೋಡುತ್ತಿರುತ್ತೇನೆ.