ಚೆಲ್ಲಿದ ಕಾಳಿನ ಕೂಲಿ

ಆಕೆಯ ಕಣ್ಣೆವೆಗಳ ಮೇಲೆ ಸದಾ ತೊಗರಿಯ ದೂಳು ಕೂತಿರುತ್ತಿತ್ತು. ಜೇವರ್ಗಿಯ ಮಾರ್ಕೆಟ್ ಯಾರ್ಡಿನಲ್ಲಿ ಕಸ ಹೊಡೆಯುವ ಹೆಂಗಸರಲ್ಲಿ ಆಕೆಯೇ ಹಿರಿಯಳು. ನಾವು ಹಮಾಲರೆಲ್ಲ ಆಯಿ ಅನ್ನುತ್ತಿದ್ದೆವು. ನಮಗೆ ಚೀಲಕ್ಕಿಷ್ಟು ಅಂತ ಕೂಲಿ. ಆ ಹೆಂಗಸರಿಗೆ ಪಗಾರವೇ ಇರಲಿಲ್ಲ. ನೆಲಕ್ಕೆ ಚೆಲ್ಲಿದ ಕಾಳನ್ನು ಗುಡಿಸಿ, ಮೊರದಲ್ಲಿ ಕೇರಿ, ಮನೆಗೆ ಒಯ್ಯಬೇಕು, ಅದೇ ಕೂಲಿ. ಹಾಗಾಗಿ ಯಾವ ಚೀಲ ಹರಿದರೂ ಅನುಮಾನ ಅವರ ಮೇಲೆ. ಸಂಜೆ ಬುಟ್ಟಿ ಹೊತ್ತು ಗೇಟಿಗೆ ಬಂದ ಆಯಿ, ಯಾರೂ ಕೇಳದಿದ್ದರೂ, ಸೆರಗು ಝಾಡಿಸಿ ತೋರಿಸಿಯೇ ದಾಟುತ್ತಿದ್ದಳು.

“ಕಾಳು ಚೆಲ್ಲೂದನ್ನ ಕಾಯ್ಕೊಂತ ಕೂಡೂ ಬಾಳ್ವಿ ಬ್ಯಾಡಾಗೇದ, ತಮ್ಮಾ,” ಅಂದಿದ್ದಳು ಒಮ್ಮೆ.

ಮಾತು ಬಲ್ಲವ ಅಂತ ಹಮಾಲರ ಸಂಘದವರು ಯಾರ್ಡಿನ ಸಾವ್ಕಾರರ ಹತ್ತಿರ ನನ್ನನ್ನು ಕಳಿಸಿದರು. ಬೇಡಿಕೆ ಎರಡು: ಚೀಲದ ಕೂಲಿ ಏರಬೇಕು, ಹೆಂಗಸರಿಗೆ ದಿನಗೂಲಿ ಕೊಡಬೇಕು. ಮಾತಿಗೆ ಕೂತ ಕೋಣೆಯಲ್ಲಿ ಹೆಂಗಸರು ಯಾರೂ ಇರಲಿಲ್ಲ. “ಮೊದಲನೇದು ಕೊಡ್ತೀವಿ, ಎರಡನೇದು ಬಿಡು,” ಅಂದರು. ಅರ್ಧವಾದರೂ ಗಿಟ್ಟಿತಲ್ಲ ಎಂದು ಒಪ್ಪಿ, ಕೈ ಮೇಲೆ ಕೈ ಹಾಕಿ ಬಂದೆ. ಹಮಾಲರು ಚಹಾ ಕುಡಿಸಿದರು.

“ನಮ್ದೇನಾತು?” ಅಂದಳು ಆಯಿ.

“ಮುಂದಿನ ಸಲ ನೋಡೂಣು, ಆಯಿ. ಸೌದಾದಾಗ ಏನಾರ ಬಿಡಬೇಕಾಗ್ತದ.”

“ಬಿಟ್ಟಿದ್ದು ನಿಂದೇನು? ನಂದು ಬಿಟ್ಟು ಬಂದು ದೊಡ್ಡ ಶಾಣ್ಯಾ ಆದ್ಯಲ್ಲೋ.”

ಮರುದಿನ ಹೆಂಗಸರು ಕಸಬರಿಗೆ ಮುಟ್ಟದೆ ಬೇವಿನ ನೆರಳಲ್ಲಿ ಕೂತರು. ಕೂತರೆ ಕೂರಲಿ, ನಮಗೇನು ಅಂದುಕೊಂಡೆವು. ಫರಸಿ ಕಲ್ಲಿನ ನೆಲದ ಮೇಲೆ ಗುಂಡನೆಯ ತೊಗರಿ ಹರಡುತ್ತಾ ಹೋಯಿತು. ಮಧ್ಯಾಹ್ನದೊಳಗೆ ಇಬ್ಬರು ಜಾರಿದರು. ಮೂರನೆಯವನು ನಾನು, ಬೆನ್ನ ಮೇಲಿನ ಚೀಲದ ಸಮೇತ. ಇಷ್ಟು ವರ್ಷ ನಾವು ಬೀಳದೆ ನಡೆದದ್ದು ಯಾರಿಂದ ಅಂತ ಬಿದ್ದಲ್ಲೇ ತಿಳಿಯಿತು.

ಎಲ್ಲರಿಗಿಂತ ಮೊದಲು ಓಡಿ ಬಂದವಳು ಆಯಿ. ಮೊಣಕಾಲು ಹಿಚುಕಿ ನೋಡಿ, “ಮುರದಿಲ್ಲ, ಏಳು,” ಅಂದಳು. ಆಮೇಲೆ ಕಸಬರಿಗೆ ತಂದು, ನಾನು ಕೂತಲ್ಲಿಂದ ಸಾವ್ಕಾರರ ಅಂಗಡಿ ಬಾಗಿಲವರೆಗೆ ಮೊಳ ಅಗಲದ ದಾರಿ ಗುಡಿಸಿದಳು.

“ದಾರಿ ಮಾಡಿ ಕೊಟ್ಟೀನಿ. ಹೋಗಿ ಮಾತಾಡು.”

ಕುಂಟುತ್ತ ಹೋದೆ. “ನಿನ್ನೆ ಮಾತು ಮುಗದದಲ್ಲೋ,” ಅಂದರು ಸಾವ್ಕಾರರು.

“ಮುಗದದ್ರಿ, ತಪ್ಪು ನಂದೇ. ಆದ್ರ ಈ ನೆಲದ ಮ್ಯಾಲ ಇನ್ನ ಯಾರೂ ಚೀಲ ಹೊರಂಗಿಲ್ರಿ.”

ಹೊರಗೆ ಹಮಾಲರೂ ಬೇವಿನ ಕೆಳಗೆ ಕೂತಿದ್ದರು. ಮೂರನೇ ದಿನ ಸಾವ್ಕಾರರು ಹೆಂಗಸರ ದಿನಗೂಲಿಗೆ ಒಪ್ಪಿದರು. ಚೆಲ್ಲಿದ ಕಾಳು ಮಾಲು ತಂದ ರೈತನಿಗೆ ಎಂದಾಯಿತು. ಮೊದಲ ಪಗಾರದ ಸಂಜೆ ಆಯಿ ಬುಟ್ಟಿಯಿಲ್ಲದೆ ಗೇಟಿಗೆ ಬಂದಳು. ಕಾವಲುಗಾರ ರೂಢಿಯಂತೆ ಸೆರಗಿನ ಕಡೆ ನೋಡಿದ. ಆಕೆ ಅದನ್ನು ತಲೆ ತುಂಬ ಹೊದ್ದುಕೊಂಡು, ಝಾಡಿಸದೆ, ನಡೆದು ಹೋದಳು.

ಆಯಿ ತೀರಿ ಎರಡು ವರ್ಷವಾಯಿತು. ಈಗ ಆಳಂದ, ಅಫಜಲಪುರದವರೂ ಕೂಲಿ ಮಾತಾಡಲು ನನ್ನನ್ನು ಕರೆಯುತ್ತಾರೆ. ಹೊಸಬರಿಗೆ ನಾನು ಹೇಳುವುದಿಷ್ಟು: ಬಿಡಲೇಬೇಕಾದರೆ ನಿಮ್ಮದನ್ನು ಬಿಡಿ, ಕೋಣೆಯಲ್ಲಿ ಇಲ್ಲದವರದನ್ನು ಮುಟ್ಟಬೇಡಿ. ಕೈ ಮೇಲೆ ಕೈ ಹಾಕುವ ಮುಂಚೆ ಒಮ್ಮೆ ಎದ್ದು ಹೋಗಿ, ಬಾಗಿಲಾಚೆ ಯಾರು ಕಾಯುತ್ತಿದ್ದಾರೆ ನೋಡಿ. ನಾನು ಈಗಲೂ ಏಳುತ್ತೇನೆ. ಏಳುವಾಗ ಆ ಮೊಣಕಾಲು ಚುಳ್ ಅನ್ನುತ್ತದೆ.