ಬ್ಯಾಂಡ್ ಮಾವ ಬಿಡುತ್ತಿದ್ದ ಜಾಗ

ಬ್ಯಾಂಡ್ ಮಾವನ ಬಲಗೈ ಹೆಬ್ಬೆರಳಿನ ಗೆಣ್ಣಿನ ಪಕ್ಕ ಹುಣಿಸೆ ಬೀಜದಷ್ಟು ದಪ್ಪಗೆ ಜಡ್ಡು ಕಟ್ಟಿತ್ತು. ಸ್ಯಾಕ್ಸೊಫೋನಿನ ಭಾರವೆಲ್ಲ ಆ ಬೆರಳ ಮೇಲೆ. ಚಿಕ್ಕಂದಿನಲ್ಲಿ ನಾನು ಅದನ್ನು ಒತ್ತಿ ಒತ್ತಿ ನೋಡಿ “ನೋಯ್ತದಾ ಮಾವ?” ಅನ್ನುತ್ತಿದ್ದೆ. “ಅದ್ಕೆ ಜೀವಾನೇ ಇಲ್ಲ ಕಣಮ್ಮಿ, ಬೇಕಾದ್ರೆ ಕಚ್ಚು” ಅನ್ನುತ್ತಿದ್ದರು. ಕಚ್ಚಿಯೂ ಇದ್ದೇನೆ.

ಸಂಬಂಧದಲ್ಲಿ ಅವರು ನನಗೆ ಏನೂ ಆಗಬೇಕಿಲ್ಲ. ಸೇಲಂ ಜಂಕ್ಷನ್ ಹತ್ತಿರದ ಸಾಲುಮನೆಯಲ್ಲಿ ಪಕ್ಕದವರು, ಮದುವೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಊದುವವರು, ಅಷ್ಟೆ. ಎರಡೂ ಮನೆಯವರು ಕೊಳತ್ತೂರು ಕಡೆಯಿಂದ ಬಂದವರು. ಮಾವನ ಅಜ್ಜಿಯ ಊರು ಮೆಟ್ಟೂರು ಅಣೆಕಟ್ಟೆಯ ನೀರಿನಡಿ ಹೋಗಿತ್ತು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಹೊರಗೆ ಹೋಗುವಾಗ ಚಪ್ಪಲಿ ಮೆಟ್ಟಿದಷ್ಟು ಸಲೀಸಾಗಿ ನಾವೆಲ್ಲ ಭಾಷೆ ಬದಲಾಯಿಸುತ್ತಿದ್ದೆವು.

ಮಾವನಿಗೆ ಆ ವಾದ್ಯ ಕಲಿಸಿದ್ದು ರೈಲ್ವೆ ಕಾಲೋನಿಯ ಒಬ್ಬ ಆಂಗ್ಲೋ ಇಂಡಿಯನ್ ಇಂಜಿನ್ ಡ್ರೈವರು. ಅವನ ಮನೆಯಲ್ಲಿ ಜಾಜ್ ರೆಕಾರ್ಡುಗಳಿದ್ದವು. ಆತ ಮಕ್ಕಳ ಜೊತೆ ಆಸ್ಟ್ರೇಲಿಯಾಕ್ಕೆ ಹೊರಟಾಗ ವಾದ್ಯವನ್ನು ಮಾವನ ಕೈಗಿಟ್ಟು ಹೋದನಂತೆ. ಜಾಜ್ ಅಂದರೇನು ಮಾವ ಅಂತ ಒಂದು ಮಧ್ಯಾಹ್ನ ಕೇಳಿದೆ. ಅವರು ಬಾಯಲ್ಲಿ ನೆನೆಯಲು ಇಟ್ಟುಕೊಂಡಿದ್ದ, ವಾದ್ಯದ ಬಾಯಿಗೆ ಸಿಕ್ಕಿಸುವ ರೀಡನ್ನು ತೆಗೆದು ಹೇಳಿದರು: “ಕರಿ ಜನಾನ ಕಟ್ಟಾಕಿ ಅಡಗ್ನಾಗೆ ತುಂಬ್ಕಂಡ್ ಸಮುದ್ರದಾಚೆಗೆ ಓದ್ರಂತೆ. ಮಾತು ಓಯ್ತು, ಎಸ್ರು ಓಯ್ತು, ಬಾಯ್ನಾಗೆ ಆಡೋ ಪಾಟು ಒಂದು ಉಳ್ಕಂತು. ಅದ್ನ ದೊರೆಗಳ ವಾದ್ಯದಾಗೆ ಊದವ್ರೆ. ನಮ್ಮನ್ನ ಯಾರ್ ಕಟ್ಟಾಕಿದ್ರು? ನೀರು ಬಂತು, ಎದ್ದು ಬಂದ್ವಿ. ಅವ್ರ ಕಷ್ಟದ ಮುಂದೆ ನಮ್ದೇನ್ ಬುಡು. ಆದ್ರೂ ಕೇಳ್ದಾಗ ನಮ್ಮಜ್ಜಿ ನೆಪ್ಪಾಯ್ತಾಳೆ ಕಣಮ್ಮಿ.”

ಆ ಅಜ್ಜಿಯ ಸೋಬಾನೆ ಪದವನ್ನು ಅವರು ಎಲ್ಲ ಮದುವೆಗಳಲ್ಲೂ ಕದ್ದು ನುಸುಳಿಸುತ್ತಿದ್ದರು. ಯಾವುದೋ ತಮಿಳು ಸಿನಿಮಾ ಹಾಡು ನುಡಿಸುತ್ತ ನುಡಿಸುತ್ತ, ನಡುವೆ ಜಾಜಿನವರ ಹಾಗೆ ಹಾಡನ್ನು ಬಿಟ್ಟು ಎಲ್ಲೆಲ್ಲೋ ಅಲೆದು, ಮೆಲ್ಲಗೆ ಸೋಬಾನೆಗೆ ಬರುತ್ತಿದ್ದರು. ನಮ್ಮಲ್ಲಿ ಒಬ್ಬಳು ಸಾಲು ಹೇಳಿದರೆ ಉಳಿದವರು “ಸೋಬಾನೆ” ಅಂತ ದನಿಗೂಡಿಸಬೇಕು. ಮಾವ ಸಾಲನ್ನು ಮಾತ್ರ ಊದಿ, ದನಿಗೂಡಿಸುವ ಜಾಗವನ್ನು ಖಾಲಿ ಬಿಟ್ಟು ಕಾಯುತ್ತಿದ್ದರು. ಒಮ್ಮೆ ಕಡಯಂಪಟ್ಟಿಯ ಛತ್ರದಲ್ಲಿ, ಎಲೆಯಡಿಕೆ ಮೆಲ್ಲುತ್ತ ಮೂಲೆಯಲ್ಲಿ ಕೂತಿದ್ದ ಮುದುಕಿಯೊಬ್ಬಳು ತನಗೇ ಗೊತ್ತಿಲ್ಲದೆ “ಸೋಬಾನೇ” ಅಂದುಬಿಟ್ಟಳು. ಮಾವನ ಮುಖ ನೋಡಬೇಕಿತ್ತು! ಹಾಡು ಮುಗಿದದ್ದೇ ತಡ ಅವಳ ಹತ್ತಿರ ಓಡಿ, “ಯಾವೂರವ್ವಾ ನಿಮ್ದು?” ಅಂತ ಕೇಳಿದರು. ನನ್ನ ಜೊತೆ ಮನೆಗೆ ವಾಪಸಾಗುವಾಗ “ನಮ್ಮೋರು ಎಲ್ಲೆಲ್ಲಿ ಅವ್ರೆ ಅಂತ ತಾಲೂಕ್ ಆಫೀಸ್ಗೂ ಗೊತ್ತಿಲ್ಲ, ನನ್ ಪೀಪಿಗೆ ಗೊತ್ತು” ಅಂತ ದಾರಿಯುದ್ದಕ್ಕೂ ಜಂಬ ಕೊಚ್ಚಿಕೊಂಡರು.

ಇನ್ನು ನನ್ನ ಘನಕಾರ್ಯ ಹೇಳಬೇಕು. ಆಫೀಸಿನಲ್ಲಿ ಒಬ್ಬ ತಮಿಳು ಹುಡುಗನನ್ನು ಮೆಚ್ಚಿದೆ. ಅವನ ಮನೆಯವರಿಗೆ ನನ್ನ ಮನೆಮಾತು ದೊಡ್ಡ ವಿಷಯವೇ ಆಗಿರಲಿಲ್ಲ. ಆದರೆ ಒಮ್ಮೆ ಟೀವಿಯಲ್ಲಿ ಕಾವೇರಿ ಸುದ್ದಿ ಬಂದಾಗ ಅತ್ತೆಯಾಗುವವರು ಕನ್ನಡದವರ ಬಗ್ಗೆ ಏನೋ ಗೊಣಗಿದ್ದನ್ನು ಕೇಳಿಸಿಕೊಂಡೆ. ಅಷ್ಟಕ್ಕೇ ಹೆದರಿ, ನಮ್ಮಲ್ಲಿ ಕನ್ನಡ ಅಜ್ಜಿಯ ಕಾಲಕ್ಕೇ ಮುಗಿಯಿತು, ಈಗ ಯಾರಿಗೂ ಬರುವುದಿಲ್ಲ ಅಂದುಬಿಟ್ಟೆ. ಯಾರೂ ಕೇಳಿರಲಿಲ್ಲ, ನಾನೇ ಹೇಳಿದೆ. ಮದುವೆಯ ರಿಸೆಪ್ಷನ್ ದಿನ ಬಾಯಿ ತಪ್ಪಿಯೂ ಕನ್ನಡ ಆಡಕೂಡದು ಅಂತ ಅಪ್ಪ ಅಮ್ಮನಿಗೆ ಪಾಠ ಹೇಳಿಕೊಟ್ಟೆ. ಮಾವನಿಗೆ ಹೇಳುವುದು ಮರೆತೆ.

ನಮ್ಮ ಮನೆ ಹುಡುಗಿ ಅಂತ ಮಾವ ಯಾರೂ ಕರೆಯದೆ ವಾದ್ಯ ಹೊತ್ತು ಬಂದಿದ್ದರು. ಸ್ಟೇಜಿನ ಪಕ್ಕವೇ ನಿಂತು ಸಿನಿಮಾ ಹಾಡು ಎತ್ತಿದರು, ಅಲೆದರು, ಸೋಬಾನೆಗೆ ಬಂದರು. ಸಾಲು ಊದಿ, ಜಾಗ ಬಿಟ್ಟು, ಹುಬ್ಬು ಏರಿಸಿ ನನ್ನನ್ನೇ ನೋಡಿದರು. ಪಕ್ಕದಲ್ಲಿ ಅಮ್ಮ ಬಾಯಿ ತೆರೆದಳು. ನಾನು ಅವಳ ತೋಳು ಚಿವುಟಿದೆ. ಅಮ್ಮ ಬಾಯಿ ಮುಚ್ಚಿದಳು.

ಇವರಿಗೆ ಕೇಳಿಸಲಿಲ್ಲವೇನೋ ಅಂತ ಮಾವ ಅದೇ ಸಾಲನ್ನು ಮತ್ತೆ ಊದಿದರು. ಮತ್ತೆ ಕಾದರು. ಅತ್ತೆ ನನ್ನತ್ತ ಬಾಗಿ, “ಇದು ಎನ್ನ ಪಾಟ್ಟುಮ್ಮಾ?” ಅಂತ, ಇದು ಯಾವ ಹಾಡಮ್ಮಾ ಅಂತ ಕೇಳಿದರು. ಅವರ ದನಿಯಲ್ಲಿ ಯಾವ ಕೊಂಕೂ ಇರಲಿಲ್ಲ, ಚೆನ್ನಾಗಿದೆಯಲ್ಲ ಅನ್ನುವಂತಿತ್ತು. ನಾನು ನಗುತ್ತ ಹೇಳಿದೆ: “ತೆರಿಯಲ ಅತ್ತೆ, ಏದೋ ಇಂಗ್ಲೀಷ್ ಪಾಟ್ಟು.” ಗೊತ್ತಿಲ್ಲ, ಯಾವುದೋ ಇಂಗ್ಲಿಷ್ ಹಾಡು!

ಮಾವ ಮೂರೇ ಅಡಿ ದೂರದಲ್ಲಿದ್ದರು. ಕೇಳಿಸದೆ ಇರಲು ಸಾಧ್ಯವೇ ಇಲ್ಲ. ಆ ಖಾಲಿ ಜಾಗದಲ್ಲಿ “ಸೋಬಾನೆ”ಯನ್ನೂ ತಾವೇ ಊದಿ ಮುಗಿಸಿದರು, ಮತ್ತೆ ಸಿನಿಮಾ ಹಾಡಿಗೆ ಹೋದರು. ಊಟಕ್ಕೆ ನಿಲ್ಲಲಿಲ್ಲ.

ತವರಿಗೆ ಮೊದಲ ಸಲ ಬಂದಾಗ ಮಾವ ಜಗಲಿಯ ಮೇಲಿದ್ದರು. ನನ್ನನ್ನು ಕಂಡು ಎದ್ದು ನಿಂತರು. “ವಾಂಗಮ್ಮಾ, ಎಪ್ಪೊ ವಂದೀಂಗ?” ಅಂದರು. ಬನ್ನಿಯಮ್ಮಾ, ಯಾವಾಗ ಬಂದಿರಿ! ಅವರ ಬೆರಳು ಕಚ್ಚಿದ ನನಗೆ ಬಹುವಚನ. ತಮಾಷೆ ಅಂದುಕೊಂಡು ಕನ್ನಡದಲ್ಲೇ ಉತ್ತರ ಕೊಟ್ಟೆ. ಅವರು ತಮಿಳು ಬಿಡಲಿಲ್ಲ. ಅಂದಿನಿಂದ ಹದಿನೆಂಟು ವರ್ಷ, ನನ್ನೊಡನೆ ಒಂದು ಮಾತೂ ಕನ್ನಡದಲ್ಲಿ ಆಡಲಿಲ್ಲ. ಸಿಟ್ಟು ಅಂದುಕೊಂಡಿದ್ದೆ. ಸಿಟ್ಟಾದರೂ ಆಗಿದ್ದರೆ! ಒಂದು ದಿನ ಅಮ್ಮ ಅಂದಳು: “ಸಿಟ್ಟೂ ಇಲ್ಲ ಸೆಡವೂ ಇಲ್ಲ ಕಣೇ. ನಿನ್ ಬಾಳಿಗೆ ತೊಂದ್ರೆ ಆಗ್ಬಾರ್ದು ಅಂತ ಅಂಗ್ ಮಾತಾಡ್ತಾರೆ. ಆ ಪಾಟ್ನೂ ಬುಟ್ಬುಟ್ರು. ಯಾರ್ಗೆ ಎಲ್ಲಿ ಅವಮಾನ ಆಯ್ತದೋ ಅಂತಾರೆ.” ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತುಬಿಟ್ಟೆ. ಆದರೂ ಪಕ್ಕದ ಮನೆಗೆ ಹೋಗಿ ತಪ್ಪಾಯಿತು ಮಾವ ಅನ್ನಲು ನಾಲಿಗೆ ಏಳಲಿಲ್ಲ.

ಹೋದ ವರ್ಷ ಅವರಿಗೆ ಉಸಿರಿನ ಕಾಯಿಲೆ ಬಲವಾಯಿತು. ನೋಡಲು ಹೋದೆ. ವಾದ್ಯದ ಪೆಟ್ಟಿಗೆ ಮಂಚದ ಕೆಳಗಿತ್ತು. “ಉಕ್ಕಾರುಂಗಮ್ಮಾ” ಅಂತ ಕೂರಲು ಹೇಳಿದರು. ಅವರ ಹೆಬ್ಬೆರಳು ಹಿಡಿದುಕೊಂಡೆ. ಊದುವುದು ನಿಂತು ಜಡ್ಡು ಮೆತ್ತಗಾಗಿತ್ತು. ನಾನು ಸಣ್ಣ ದನಿಯಲ್ಲಿ ಅವರಜ್ಜಿಯ ಸಾಲು ಹೇಳಿ, ಜಾಗ ಬಿಟ್ಟು, ಕಾದೆ. ಅವರು ನನ್ನ ಮುಖ ನೋಡಿದರು.

“ಇದು ಎನ್ನ ಪಾಟ್ಟುಮ್ಮಾ?” ಅಂದರು.

ನೆನಪು ಹೋಗಿತ್ತೋ, ಬೇಕೆಂದೇ ಕೇಳಿದರೋ ನನಗೆ ಇವತ್ತಿಗೂ ತಿಳಿಯದು. “ನಮ್ ಪಾಟು ಮಾವ. ನಮ್ದೇ” ಅಂದೆ. ಅತ್ತೆ ತೀರಿಕೊಂಡು ಆಗಲೇ ನಾಲ್ಕು ವರ್ಷವಾಗಿತ್ತು. ಆ ಕೋಣೆಯಲ್ಲಿ ನಾನು ಹೆದರಬೇಕಾದವರು ಯಾರೂ ಇರಲಿಲ್ಲ, ಅದಕ್ಕೇ ಬಾಯಿ ಬಂತು.

ಮಾವ ನಿಧಾನವಾಗಿ ತಲೆಯಾಡಿಸಿದರು. “ಸರಿಂಗಮ್ಮಾ” ಅಂದು ಕಣ್ಣು ಮುಚ್ಚಿದರು. ಮೂರನೆಯ ದಿನ ಹೋಗಿಬಿಟ್ಟರು. ಕೊನೆಗೂ “ಕಣಮ್ಮಿ” ಅನ್ನಲೇ ಇಲ್ಲ.